ಎಲ್ಲಾ ಆರಾಮ್ರಿ

ನನಗೆ ಸಿಟ್ಟು ಲಗೂ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಹೆಸರು ಮಾತ್ರ ಶಾಂತಾ. ಹೆಸರಿಡುವ ದಿನ ತೊಟ್ಟಿಲಲ್ಲಿ ಸುಮ್ಮನೆ ಮಲಗಿದ್ದೆನಂತೆ, ನಮ್ಮಪ್ಪ ಅದನ್ನು ನಂಬಿ ಮೋಸ ಹೋದ. ಮೇಲಾಗಿ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಪ್ರಶ್ನೆ ಕೇಳಿದರೆ ಉತ್ತರ ಬರಬೇಕು, ಉತ್ತರ ಒಂದೇ ಇರಬೇಕು, ಆ ಉತ್ತರಕ್ಕೊಂದು ಅರ್ಥ ಇರಬೇಕು ಎನ್ನುವುದು ನನ್ನ ಹಟ. ಈ ಹಟ ಇಟ್ಟುಕೊಂಡು ಬನಹಟ್ಟಿಯಂಥ ಊರಿನಲ್ಲಿ ಬಾಳುವೆ ಮಾಡುವುದು ಸುಲಭವಲ್ಲ. ನಮ್ಮ ಕಡೆ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಇದೆ ಎನ್ನುವುದೇನೋ ಖರೆ. ಆದರೆ ಆ ಉತ್ತರದ ಅರ್ಥ ಯಾವುದು ಎಂದು ಹಿಡಿದು ನಿಲ್ಲಿಸುವುದು ದೇವರಿಗೂ ಆಗದ ಕೆಲಸ. ಆ ಉತ್ತರ ‘ಆರಾಮ’.

ರಬಕವಿಯಿಂದ ಮುಧೋಳದವರೆಗೆ, ಜಮಖಂಡಿಯಿಂದ ಬೀಳಗಿಯವರೆಗೆ ಯಾರನ್ನು ಕಂಡರೂ ಬಾಯಿಂದ ಬೀಳುವ ಮೊದಲ ಮಾತು ‘ಆರಾಮ?’ ಎಂಬುದೇ. ‘ಆರಾಮ್ರಿ, ನೀವು ಆರಾಮ?’ ಎನ್ನುವುದು ಅದರ ಮರುಮಾತು. ಜ್ವರ ಬಂದರೆ ‘ಆರಾಮಿಲ್ಲ’, ಜ್ವರ ಬಿಟ್ಟರೆ ‘ಆರಾಮ ಆತು’. ಡಾಕ್ಟರು ಗುಳಿಗೆ ಬರೆದುಕೊಟ್ಟು ‘ಒಂದು ವಾರ ಆರಾಮ ಮಾಡ್ರಿ’ ಎಂದರೆ ಹಾಸಿಗೆ ಬಿಟ್ಟು ಏಳಬೇಡಿ ಎಂದು. ಅದೇ ಮಾತನ್ನು ಮಾವ ಅಳಿಯನ ಬಗ್ಗೆ ‘ಆರಾಮ ಕುಂತಾನ’ ಎಂದು ಆಡಿದರೆ, ದುಡಿಯದೆ ತಿನ್ನುತ್ತಾನೆ ಎಂದು. ‘ಅವರದೇನ್ರಿ, ಆರಾಮ ಐತಿ’ ಎಂದರೆ ಹೊಳೆದಂಡೆಗೆ ಕಬ್ಬಿನ ಹೊಲ ಇದೆ ಎಂದು. ‘ಆರಾಮ ಬರ್ರಿ’ ಎಂದರೆ ತಡವಾದರೂ ಚಿಂತೆಯಿಲ್ಲ, ‘ಆರಾಮ ಹೋಗ್ರಿ’ ಎಂದರೆ ಗಾಡಿ ಸಾವಕಾಶ ಹೊಡೆಯಿರಿ. ಒಮ್ಮೆ ಬಸ್‌ಸ್ಟ್ಯಾಂಡಿನ ಮುಂದೆ ನಮ್ಮ ಓಣಿಯ ಒಬ್ಬ ಹಿರಿಯರನ್ನು ಕಾಲು ಮುರಿದು ಆಟೋದಲ್ಲಿ ಅಡ್ಡ ಮಲಗಿಸಿಕೊಂಡು ದವಾಖಾನೆಗೆ ಒಯ್ಯುತ್ತಿದ್ದರು. ಪರಿಚಯದವನೊಬ್ಬ ಬಗ್ಗಿ ನೋಡಿ ‘ಏನ್ರಿ ಕಾಕಾ, ಆರಾಮ?’ ಎಂದ. ಕಾಕಾ ಹಲ್ಲು ಕಚ್ಚಿಕೊಂಡೇ ‘ಆರಾಮ್ರಿ, ಮನಿ ಕಡೆ ಎಲ್ಲಾ ಆರಾಮ?’ ಎಂದು ಕೇಳಿ, ಅವನ ಉತ್ತರ ಬಂದ ಮೇಲೆಯೇ ನರಳುವುದನ್ನು ಮುಂದುವರಿಸಿದರು. ಇದು ನಾನು ಕಣ್ಣಾರೆ ಕಂಡದ್ದು.

ಈ ಸೀಮೆಯಲ್ಲಿ ‘ಆರಾಮ?’ ಎಂದು ಕೇಳಿದವರಿಗೆ ಖರೆ ಹೇಳುತ್ತಿದ್ದವನು ನನಗೆ ತಿಳಿದಂತೆ ಒಬ್ಬನೇ, ಬೀಳಗಿಯ ನಮ್ಮಪ್ಪ. ಯಾರಾದರೂ ಬಾಯಿತಪ್ಪಿ ಕೇಳಿದರೆ ಸಾಕು, ‘ಎಲ್ಲೀ ಆರಾಮ ತಮ್ಮಾ, ನಿನ್ನೆಯಿಂದ ಹೊಟ್ಟಿ ಕಟ್ಟೇತಿ’ ಎಂದು ಶುರುಮಾಡಿ, ಹೊಟ್ಟೆಯಿಂದ ಮೊಣಕಾಲಿಗೆ ಇಳಿದು, ಅಲ್ಲಿಂದ ಕಣ್ಣಿಗೆ ಏರಿ, ಕೇಳಿದವನ ತೋಳು ಹಿಡಿದುಕೊಂಡೇ ಎಲ್ಲವನ್ನೂ ಹೇಳುತ್ತಿದ್ದ. ಅಪ್ಪ ಬಜಾರಿಗೆ ಹೊರಟರೆ ಎದುರಿನಿಂದ ಬರುವ ಜನ ಅತ್ತ ಕಡೆಯ ಅಂಗಡಿ ಸಾಲಿಗೆ ದಾಟುತ್ತಿದ್ದರು. ಖರೆ ಮಾತಾಡಿದರೆ ಏನಾಗುತ್ತದೆ ಎನ್ನುವುದು ನನಗೆ ಸಣ್ಣವಳಿದ್ದಾಗಲೇ ಗೊತ್ತಿತ್ತು. ನಮ್ಮ ಶಾಲೆಯ ಕನ್ನಡ ಮಾಸ್ತರರನ್ನು ಒಮ್ಮೆ ಈ ಶಬ್ದದ ಬಗ್ಗೆ ಕೇಳಿದೆ. ಅವರು ಕನ್ನಡಕ ಏರಿಸಿ, ‘ಹಳೇ ಪುಸ್ತಕದಾಗ ಆರಾಮ ಅಂದ್ರ ತೋಟ್ರಿ ಟೀಚರ’ ಎಂದರು. ಹಾಗಾದರೆ ನಾವು ದಿನಾ ಒಬ್ಬರನ್ನೊಬ್ಬರು ‘ತೋಟ?’ ಎಂದು ಕೇಳಿಕೊಳ್ಳುತ್ತಿದ್ದೇವೆಯೇ ಎಂದೆ. ಮಾಸ್ತರರು ಸ್ವಲ್ಪ ವಿಚಾರ ಮಾಡಿ, ‘ತೋಟ ಇದ್ದಾಂವ ಆರಾಮ ಇರ್ತಾನಲ್ರಿ, ತಪ್ಪೇನೈತಿ?’ ಎಂದು ಪಾಠಕ್ಕೆ ಹೋದರು. ಮಾಸ್ತರರಿಗೆ ತೋಟ ಇಲ್ಲ.

ಇಷ್ಟೆಲ್ಲ ಪೀಠಿಕೆ ನಮ್ಮ ಅತ್ತೆಯ ಸಲುವಾಗಿ. ಅತ್ತೆ ಎಂದರೆ ನನ್ನ ಗಂಡನ ತಾಯಿ. ಮದುವೆಯಾಗಿ ಬಂದಾಗ ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವಳು. ‘ಸೊಸಿ ಕಲೀಲಿ, ರೊಟ್ಟಿ ನಾ ಬಡೀತೇನಿ’ ಎಂದು ಬಂಧುಬಳಗದ ಬಾಯಿ ಮುಚ್ಚಿಸಿ ನನ್ನನ್ನು ಮತ್ತೆ ಕಾಲೇಜಿಗೆ ಕಳಿಸಿದವರು ಅವರು. ಇವತ್ತು ನಾನು ಚಿಮ್ಮಡದ ಕಡೆಯ ಹೈಸ್ಕೂಲಿನಲ್ಲಿ ಟೀಚರು ಅನ್ನಿಸಿಕೊಂಡಿದ್ದರೆ ಅದು ಆ ರೊಟ್ಟಿಗಳ ಪುಣ್ಯ. ಇಂಥ ಅತ್ತೆ ಹೋದ ಬೇಸಿಗೆಯಿಂದ ಮಾಳಿಗೆಗೆ ಹತ್ತುವಾಗ ಪಾವಟಿಗೆಯ ನಡುವೆ ನಿಲ್ಲತೊಡಗಿದರು. ಸುಮ್ಮನೆ ನಿಲ್ಲುವ ಹೆಂಗಸಲ್ಲ ಅವರು. ನಿಂತು, ಗೋಡೆ ಹಿಡಿದು, ಪಕ್ಕದ ಮನೆಯವರನ್ನು ‘ಏನ ಅಡಗಿ ಮಾಡೀಯವಾ?’ ಎಂದು ಕೇಳುತ್ತಿದ್ದರು. ಪಕ್ಕದ ಮನೆಯವರ ಅಡುಗೆಯ ಮೇಲೆ ಅವರಿಗೆ ಯಾವತ್ತೂ ಆಸಕ್ತಿ ಇದ್ದಿಲ್ಲ. ಇನ್ನೊಂದು ದಿನ ಅಲ್ಲೇ ನಿಂತು ಕಾಗೆ ಓಡಿಸುತ್ತಿದ್ದರು, ನಾನು ಹೊರಗೆ ಬಂದು ನೋಡಿದರೆ ಎಲ್ಲೂ ಒಂದು ಕಾಗೆಯೂ ಇಲ್ಲ. ಮುಖ ಬೂದಿಯಾಗಿತ್ತು, ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ‘ಅತ್ತೀ, ಏನಾತ್ರಿ?’ ಎಂದೆ. ‘ಏನಾಗೇತಿ? ಆರಾಮ ಅದೇನಿ. ಶಾವಿಗಿ ಒಣಗ್ಯಾವ ಏನು ನೋಡಾಕ ಹೊಂಟಿದ್ದೆ’ ಎಂದರು. ಅವತ್ತಿನಿಂದ ನನಗೆ ನಿದ್ದೆ ಹಾರಿತು. ಅವರ ಎದೆಯೊಳಗೆ ಏನೋ ನಡೆದಿದೆ, ಅವರು ಬಾಯಿ ಬಿಡುತ್ತಿಲ್ಲ, ಒಂದು ದಿನ ನಾನು ಶಾಲೆಯಿಂದ ಬರುವುದರೊಳಗೆ ಆಗಬಾರದ್ದು ಆಗಿಬಿಟ್ಟರೆ ಏನು ಗತಿ ಎಂದು ಜೀವ ಹೊಡೆದುಕೊಳ್ಳತೊಡಗಿತು.

ನಮ್ಮವರಿಗೆ ಹೇಳಿದೆ. ಮನೆಯ ಹಿಂದೆಯೇ ಅವರ ಮಗ್ಗದ ಶೆಡ್ಡು, ಹುಟ್ಟಿದಾಗಿನಿಂದ ಆ ಖಟಖಟದಲ್ಲಿ ಬೆಳೆದವರು, ಮಾತೆಂದರೆ ಅವರಿಗೆ ಖರ್ಚು. ‘ಅವ್ವನ್ನ ಕೇಳೇನಿ. ಆರಾಮ ಅಂದ್ಲು’ ಎಂದು ನೂಲು ತರಲು ಹೋದರು. ನಾನೇ ಅತ್ತೆಯೆದುರು ಕುಸ್ತಿಗೆ ಇಳಿದೆ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು ಅಂತ ಹಿರಿಯರು ಹೇಳಿಲ್ಲೇನ್ರಿ? ಬ್ಯಾನಿ ಮುಚ್ಚಿಡಬಾರದ್ರಿ’ ಎಂದೆ. ಅತ್ತೆ ತಲೆಯೆತ್ತದೆ ಕಾಯಿಪಲ್ಲೆ ಸೋಸುತ್ತ, ‘ವ್ಯಾಧಿ ರಟ್ಟಾದ್ರ ಸಂಸಾರ ಎಲ್ಲಿ ಗುಟ್ಟ ಉಳೀತೈತಿ ಯವ್ವಾ?’ ಎಂದರು. ಉತ್ತರ ಇಲ್ಲದಾಗ ನನಗೆ ಬರುವುದು ಸಿಟ್ಟು, ಸಿಟ್ಟಿನಲ್ಲಿ ಒಂದು ತಾಟು ಬಡಿದೆ, ತಾಟು ಡೊಂಕಾಯಿತು. ಅದು ಇವತ್ತಿಗೂ ಗೋಡೆಯ ಮಾಡದಲ್ಲಿದೆ, ಅದರಲ್ಲಿ ಸಾರು ನಿಲ್ಲುವುದಿಲ್ಲ.

ಅದೇ ಹೊತ್ತಿಗೆ ನಮ್ಮ ಶಿಕ್ಷಕರಿಗೆಲ್ಲ ಒಂದು ತರಬೇತಿ ಆಯಿತು. ಮನಸ್ಸಿನ ವಿಷಯ ಓದಿಕೊಂಡ ಒಬ್ಬ ಮೇಡಮ್ಮು ಬಂದಿದ್ದರು. ದೇಹಕ್ಕೆ ಜಡ್ಡು ಇಲ್ಲ ಅಂದಮಾತ್ರಕ್ಕೆ ಮನುಷ್ಯ ಆರಾಮ ಇದ್ದಾನೆ ಅಂತಲ್ಲ, ಮನಸ್ಸಿನ ಆರಾಮವೇ ಬೇರೆ, ಕೆಲವರು ಒಳಗಿನ ಸಂಕಟ ಮುಚ್ಚಿಕೊಳ್ಳಲಿಕ್ಕೆಂದೇ ‘ಆರಾಮ’ ಎನ್ನುತ್ತಾರೆ ಎಂದು ವಿವರಿಸಿದರು. ನನಗೆ ಆ ಮಾತು ಎದೆಗೆ ನಾಟಿತು. ಆಮೇಲೆ ನಮ್ಮನ್ನೆಲ್ಲ ಕಣ್ಣು ಮುಚ್ಚಿಸಿ, ಮೈ ಸಡಿಲ ಬಿಟ್ಟು, ಸಮುದ್ರದ ದಂಡೆಯಲ್ಲಿ ಕೂತಿದ್ದೀರಿ ಎಂದು ನೆನೆಸಿಕೊಳ್ಳಲು ಹೇಳಿದರು. ಸಮುದ್ರ ಕಾಣದ ನಾವು ಚಿಕ್ಕಪಡಸಲಗಿಯ ಬ್ಯಾರೇಜನ್ನೇ ನೆನೆಸಿಕೊಂಡೆವು. ನೀರು ನಿಂತದ್ದು ನೆನಪಾಗಿ ನನಗಂತೂ ಒಳ್ಳೇ ತಂಪೆನಿಸಿತು. ನಮ್ಮ ಕನ್ನಡ ಮಾಸ್ತರರು ಎಷ್ಟು ಆರಾಮ ಆದರೆಂದರೆ ಗೊರಕೆ ಹೊಡೆದರು, ಎಬ್ಬಿಸಿದಾಗ ‘ಹಾಜರ್’ ಎಂದರು. ಮನೆಗೆ ಬಂದವಳೇ ಅತ್ತೆಯ ಮೇಲೆ ಇದನ್ನು ಪ್ರಯೋಗಿಸಿದೆ. ‘ಕಣ್ಣು ಮುಚ್ಚಿರಿ ಅತ್ತಿ. ಮನಸು ಖಾಲಿ ಮಾಡ್ರಿ.’ ‘ಯಾಕ ಖಾಲಿ ಮಾಡ್ಲಿ? ಒಳಗ ಬಾಡಗಿಯವರ ಅದಾರೇನು?’ ಎಂದರು ಅತ್ತೆ. ಆದರೂ ನನ್ನ ಸಮಾಧಾನಕ್ಕೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ‘ಈಗ ಏನು ಅನಸ್ತೈತ್ರಿ?’ ಎಂದೆ. ‘ಒಲಿ ಮ್ಯಾಲ ಹಾಲು ಉಕ್ಕಾಕತ್ತೈತಿ ಅನಸ್ತೈತಿ’ ಎಂದರು. ಹೋಗಿ ನೋಡಿದರೆ ಖರೇನೇ ಉಕ್ಕಿತ್ತು.

ಇನ್ನು ಡಾಕ್ಟರರೇ ಗತಿ ಎಂದು ತೀರ್ಮಾನಿಸಿದೆ. ಇಲ್ಲಿ ನಾನು ಮಾಡಿದ ತಪ್ಪು ನಮ್ಮ ಕಡೆಯವರೆಲ್ಲ ಮಾಡುವ ತಪ್ಪು. ನಮಗೆ ಡಾಕ್ಟರು ಎಂದರೆ ಮೊದಲು ‘ನಮ್ಮವರು’ ಆಗಿರಬೇಕು, ವಿದ್ಯೆ ಆಮೇಲೆ. ನಮ್ಮವರಾದರೆ ಪಾಳಿ ಹಚ್ಚಬೇಕಿಲ್ಲ, ಮನೆಯವರಂತೆ ನೋಡುತ್ತಾರೆ. ಬನಹಟ್ಟಿಯಲ್ಲೇ ಅಂಥವರು ಒಬ್ಬರಿದ್ದರು. ನಮ್ಮ ನಾದಿನಿಯನ್ನು ಮುಧೋಳಕ್ಕೆ ಕೊಟ್ಟಿದೆ, ಅವಳ ಅತ್ತೆಯ ತಂಗಿಯ ಮಗ ಈ ಡಾಕ್ಟರು. ಅಂದರೆ ಬೀಗರ ಪೈಕಿ. ಬೀಗರ ಡಾಕ್ಟರ ಹತ್ತಿರ ಹೋಗೋಣ ಎಂದ ಕೂಡಲೇ ಅತ್ತೆ ಒಪ್ಪಿಬಿಟ್ಟರು. ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಾಗಿತ್ತು. ಹೊರಡುವ ದಿನ ನೋಡುತ್ತೇನೆ, ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಾರೆ, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಬೇನೆ ತೋರಿಸಲು ಹೊರಟ ಹಾಗೆ ಇರಲಿಲ್ಲ, ಸೀಮಂತಕ್ಕೆ ಹೊರಟ ಹಾಗಿತ್ತು.

ಡಾಕ್ಟರು ಎದ್ದು ನಿಂತು ನಮಸ್ಕಾರ ಮಾಡಿ, ‘ಬರ್ರಿ ಬರ್ರಿ. ಏನು ತ್ರಾಸ್ ಐತ್ರಿ?’ ಎಂದರು. ‘ಏನೂ ಇಲ್ರಿ, ಎಲ್ಲಾ ಆರಾಮ. ಅವ್ವಾರ ಆರಾಮ ಅದಾರ?’ ಎಂದು ಅತ್ತೆ ಶುರುಮಾಡಿದರು. ಅವ್ವ, ಅಪ್ಪ, ದೊಡ್ಡಪ್ಪ, ಹುಬ್ಬಳ್ಳಿಗೆ ಕೊಟ್ಟ ಅಕ್ಕ, ಅಕ್ಕನ ಮಕ್ಕಳು, ಹೀಗೆ ಒಬ್ಬರನ್ನೂ ಬಿಡದೆ ಆರಾಮ ವಿಚಾರಿಸಿದರು. ಆಮೇಲೆ ಡಾಕ್ಟರ ಮುಖವನ್ನೇ ನಿಟ್ಟಿಸಿ, ‘ಯಾಕೋ ನೀವ ಸೊರಗೀರಿ ನೋಡ್ರಿ’ ಎಂದರು. ಯಾರೂ ವಿಚಾರಿಸದ ಪಾಪದ ಜೀವ, ಡಾಕ್ಟರು ಕರಗಿಹೋದರು. ಹೊತ್ತಿಗೆ ಸರಿಯಾಗಿ ಊಟವಿಲ್ಲ, ಹುಳಿತೇಗು ಬರುತ್ತದೆ, ರಾತ್ರಿ ನಿದ್ದೆಯಿಲ್ಲ ಎಂದು ಹೇಳಿಕೊಂಡರು. ಅತ್ತೆ ಜೀರಿಗೆ ನೀರು ಕುಡಿಯಲು ಹೇಳಿದರು. ನಡುವೆ ನಾನು ‘ಡಾಕ್ಟರ, ಪಾವಟಗಿ ಹತ್ತುವಾಗ ಇವರಿಗೆ...’ ಎಂದು ಬಾಯಿ ತೆಗೆದೆ. ಮೇಜಿನ ಕೆಳಗೆ ನನ್ನ ತೊಡೆಗೆ ಎಂಥ ಚಿವುಟು ಬಿತ್ತೆಂದರೆ ಮಾತು ಅಲ್ಲೇ ನಿಂತಿತು. ‘ಆಕಿಗೆ ಸಾಲಿ ಕೆಲಸ ಭಾಳ್ರಿ, ಎಲ್ಲಾದಕ್ಕೂ ಗಾಬರಿ’ ಎಂದು ಅತ್ತೆ ನಕ್ಕರು. ಡಾಕ್ಟರು ರಕ್ತದೊತ್ತಡ ನೋಡಿದರು, ಮಲಗಿಸಿ ಇಸಿಜಿ ತೆಗೆದರು. ಎರಡೂ ಸರಿಯಾಗಿದ್ದವು. ‘ಎಲ್ಲಾ ನಾರ್ಮಲ್ ಐತ್ರಿ. ವಯಸ್ಸಾತು, ಸ್ವಲ್ಪ ಆರಾಮ ತಗೋರಿ’ ಎಂದು ಶಕ್ತಿಯ ಔಷಧ ಬರೆದುಕೊಟ್ಟರು. ಪರೀಕ್ಷೆಗೆ ಹೋದವರು ಯಾರು, ಮಾಡಿದವರು ಯಾರು ಎಂದು ತಿಳಿಯದೆ ನಾನು ಖಾಲಿ ಡಬ್ಬಿ ಹಿಡಿದುಕೊಂಡು ಹೊರಗೆ ಬಂದೆ.

ದಾರಿಯಲ್ಲೇ ಜಗಳ ತೆಗೆದೆ. ‘ಅಲ್ರಿ ಅತ್ತಿ, ಡಾಕ್ಟರ ಮುಂದ ಸುಳ್ಳು ಹೇಳ್ತಾರೇನ್ರಿ?’ ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು: ‘ಅವ್ರು ಡಾಕ್ಟರ ಆಮ್ಯಾಲ, ಬೀಗರ ಮದ್ಲ. ನನಗ ಆರಾಮಿಲ್ಲ ಅಂತ ಇಲ್ಲಿ ಅಂದ್ರ ಸಂಜಿಮುಂದ ಮುಧೋಳಕ್ಕ ಮುಟ್ಟತೈತಿ. ಮಗಳು ಅಲ್ಲಿ ಕಣ್ಣೀರ ಹಾಕ್ಕೋತ ಕುಂಡ್ರತಾಳ. ಅವರತ್ತಿ, ನಿಮ್ಮವ್ವಗ ಆರಾಮಿಲ್ಲಂತ, ಹೋಗಿ ನಾಕ ದಿನ ಇದ್ದ ಬಾ ಅಂತ ಕಳಸಬೇಕಾಗತೈತಿ. ಕಬ್ಬು ಕಡಿಯೂ ಹಂಗಾಮ, ಮನಿ ತುಂಬ ಆಳು. ಯಾರಿಗೆ ಬೇಕ ರಗಳಿ?’ ಬೀಗರ ಎದುರು ತಲೆನೋವನ್ನು ಕೂಡ ಒಪ್ಪಿಕೊಳ್ಳಬಾರದು ಎನ್ನುವುದು ನಮ್ಮಲ್ಲಿ ಯಾರೂ ಬರೆದಿಡದ ಕಾಯಿದೆ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಅವರನ್ನು ಅಲ್ಲಿಗೇ ಕರೆದುಕೊಂಡು ಹೋಗಿ, ಇಸಿಜಿ ಸರಿ ಇದೆ ಎಂಬ ಸರ್ಟಿಫಿಕೇಟು ಬೇರೆ ಕೊಡಿಸಿಕೊಂಡು ಬಂದಿದ್ದೆ. ಈಗ ಪಾವಟಿಗೆಯ ಮೇಲೆ ಹಿಡಿದರೆ, ‘ಡಾಕ್ಟರ ನಾರ್ಮಲ್ ಅಂದಾರ, ಸುಮ್ನಿರು’ ಎನ್ನುತ್ತಿದ್ದರು.

ಹಾಗಾದರೆ ಗುರುತು ಪರಿಚಯ, ಬೀಗತನ ಏನೂ ಇಲ್ಲದ ಡಾಕ್ಟರು ಬೇಕು. ನಮ್ಮ ಸೀಮೆಯಲ್ಲಿ ಅಂಥವರನ್ನು ಹುಡುಕುವುದು ಸಣ್ಣ ಮಾತಲ್ಲ. ಎರಡು ಮಾತಾಡುವುದರೊಳಗೆ ಎಲ್ಲರೂ ಎಲ್ಲರಿಗೂ ಏನಾದರೂ ಆಗಿಬಿಡುತ್ತಾರೆ. ಕೊನೆಗೆ ಜಮಖಂಡಿಯಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಲೇಡಿ ಡಾಕ್ಟರು ಇದ್ದಾರೆ, ತುಮಕೂರು ಕಡೆಯವರು ಎಂದು ಗೊತ್ತಾಯಿತು. ತುಮಕೂರಿನಲ್ಲಿ ನಮಗೆ ಯಾರೂ ಇಲ್ಲ. ಶಾಲೆಗೆ ರಜೆ ಹಾಕಿ, ನನ್ನ ಬೆನ್ನುನೋವು ತೋರಿಸಬೇಕು, ಜೋಡಿ ಬರ್ರಿ ಎಂದು ಅತ್ತೆಗೆ ಸುಳ್ಳು ಹೇಳಿ ಬಸ್ ಹತ್ತಿಸಿದೆ. ಅಲ್ಲಿ ಹೋದ ಮೇಲೆ ಪಾಳಿಗೆ ಹೆಸರು ಬರೆಸಿದ್ದು ಅವರದು. ಗೊತ್ತಾದ ಮೇಲೆ ಅತ್ತೆ ನನ್ನ ಕಡೆ ಬೆನ್ನು ಮಾಡಿ ಕೂತರು. ಆ ಕಡೆ ತುಬಚಿಯಿಂದ ಮೊಣಕಾಲು ತೋರಿಸಲು ಬಂದಿದ್ದ ನೀಲವ್ವ ಎಂಬ ಹೆಂಗಸು ಕೂತಿದ್ದಳು.

ಮೊದಲು ನೀಲವ್ವ ತನ್ನ ಮೊಣಕಾಲಿನ ಕಥೆ ಹೇಳಿದಳು. ಕೆಳಗೆ ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂಡಲಾಗುವುದಿಲ್ಲ. ಅತ್ತೆ ಲೊಚಗುಟ್ಟುತ್ತ ಕೇಳಿದರು. ‘ನಿಮಗೇನಾಗೇತಿ ಯಕ್ಕಾ?’ ಎಂದಳು ನೀಲವ್ವ. ಅತ್ತೆ ಮೊದಲು ‘ನಿಮ್ಮವರು ಯಾರರ ಮುಧೋಳದಾಗ ಅದಾರೇನು?’ ಎಂದು ವಿಚಾರಿಸಿದರು. ಯಾರೂ ಇಲ್ಲ. ‘ಬನಹಟ್ಟ್ಯಾಗ?’ ಯಾರೂ ಇಲ್ಲ. ‘ತವರಮನಿ?’ ಅದೂ ಅಥಣಿ ಆಚೆ. ಅತ್ತೆಗೆ ನೆಮ್ಮದಿಯಾಯಿತು. ಕಾಲು ಮೇಲೆಳೆದುಕೊಂಡು, ಸೆರಗು ಹೊದ್ದು, ಶುರುಮಾಡಿದರು. ಪಾವಟಿಗೆ ಹತ್ತಿದರೆ ಎದೆಯ ನಡುವೆ ಯಾರೋ ಮುಷ್ಟಿ ಕಟ್ಟಿ ಹಿಂಡಿದ ಹಾಗೆ ಆಗುತ್ತದೆ. ನಿಂತರೆ ಬಿಡುತ್ತದೆ. ಬಾವಿಯ ನೀರಿನ ಕೊಡ ಹೊತ್ತಾಗಲೂ ಹಾಗೇ. ಹೋದ ಬೇಸಿಗೆಯಿಂದ ಇದೆ, ಈಚೆಗೆ ಅಂಗಳ ಕಸ ಹೊಡೆಯುವಾಗಲೂ ಬರುತ್ತದೆ. ನಾನು ಮೊಬೈಲಿನಲ್ಲಿ ಮುಖ ಹುಗಿದುಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ತಿಂಗಳುಗಟ್ಟಲೆ ನಾನು ಗುದ್ದಾಡಿದರೂ ಬಾರದ ಮಾತು ಒಬ್ಬ ಮೊಣಕಾಲು ನೋವಿನ ಹೆಂಗಸಿಗೆ ಬಿಟ್ಟಿ ಸಿಕ್ಕಿತ್ತು. ಹೊಟ್ಟೆ ಉರಿಯಿತು, ಖುಷಿಯೂ ಆಯಿತು. ಇದನ್ನೇ ಒಳಗೆ ಹೇಳಿದರೆ ಸಾಕು, ದೇವರೇ.

ಒಳಗೆ ಹೋದೆವು. ಡಾಕ್ಟರು ಎಳೇ ವಯಸ್ಸಿನವರು, ನಗುಮುಖ. ‘ಬನ್ನಿ ಅಮ್ಮ, ಕೂತ್ಕೊಳ್ಳಿ. ಹುಷಾರಿಲ್ವಾ?’ ಎಂದರು. ಅತ್ತೆ ನೆಟ್ಟಗೆ ಕೂತು, ‘ಹುಷಾರ ಅದೇನ್ರಿ. ಇಡೀ ಮನಿ ಲೆಕ್ಕಾಚಾರ ನಾನ ನೋಡೂದು’ ಎಂದರು. ನಮ್ಮ ಕಡೆ ಹುಷಾರ ಎಂದರೆ ಜಾಣತನ, ಡಾಕ್ಟರು ನನ್ನ ಮುಖ ನೋಡಿದರು. ‘ಜಡ್ಡೇನೈತಿ ಅಂತ ಕೇಳಾಕತ್ತಾರ್ರಿ’ ಎಂದೆ. ‘ಏನಿಲ್ಲವಾ, ಎಲ್ಲಾ ಆರಾಮ. ನೀವು ಆರಾಮ? ಮದಿವಿ ಆಗೇತಿ?’ ಮತ್ತೆ ಅದೇ ಹಾಡು. ಆ ಹುಡುಗಿ ಕುರ್ಚಿ ಕೊಟ್ಟು ನಕ್ಕದ್ದೇ ತಪ್ಪಾಗಿತ್ತು. ಇಷ್ಟು ಛಲೋ ಹುಡುಗಿಗೆ ಮೊದಲ ಭೆಟ್ಟಿಗೇ ನಮ್ಮ ರಗಳೆ ಯಾಕೆ ಹೇಳುವುದು ಎಂದು ಅತ್ತೆ ಅವರನ್ನು ಮನೆಗೆ ಬಂದ ಹೊಸ ಸೊಸೆಯಂತೆ ಮಾತಾಡಿಸತೊಡಗಿದ್ದರು. ನನ್ನ ತಲೆ ಕೆಟ್ಟಿತು. ಎದ್ದು ಹೊರಗೆ ಓಡಿ, ನೀಲವ್ವನ ರಟ್ಟೆ ಹಿಡಿದು, ‘ಬಾ ಯವ್ವಾ, ಒಳಗ ಬಾ’ ಎಂದು ಎಳೆದೆ. ‘ನನ್ನ ಪಾಳಿ ಬಂತೇನು?’ ಎಂದಳು. ‘ಬಂತು ಬಂತು’ ಎಂದೆ. ಬಾಗಿಲಲ್ಲಿದ್ದ ನರ್ಸಮ್ಮ ಅಡ್ಡ ಬಂದಳು. ನಾನು ಕ್ಲಾಸಿನಲ್ಲಿ ಹಿಂದಿನ ಬೆಂಚಿನವರನ್ನು ನೋಡುವ ಹಾಗೆ ಅವಳನ್ನು ನೋಡಿದೆ, ಸರಿದಳು.

ಡಾಕ್ಟರಿಗೆ ವಿಷಯ ಹೇಳಿದೆ: ‘ನಮ್ಮ ಅತ್ತಿ ನಿಮಗ ಹೇಳೂದಿಲ್ರಿ. ಇವರಿಗೆ ಹೇಳ್ತಾರ. ನೀವು ಸುಮ್ನ ಕೇಳ್ರಿ.’ ಹುಡುಗಿ ಜಾಣೆ. ಕುರ್ಚಿ ಹಿಂದೆ ಸರಿಸಿ ಕೂತಳು. ನೀಲವ್ವ ಅತ್ತೆಯ ಪಕ್ಕದ ಸ್ಟೂಲಿನ ಮೇಲೆ ತನ್ನ ಮೊಣಕಾಲು ಸರಿಮಾಡಿಕೊಂಡು, ‘ಹೇಳ ಯಕ್ಕಾ, ಎದಿ ಹಿಂಡತೈತಿ ಅಂದಿ. ಮುಂದ?’ ಎಂದಳು. ಅತ್ತೆ ನನ್ನತ್ತ ಒಮ್ಮೆ ಕೆಕ್ಕರಿಸಿದರು. ಆದರೆ ಅರ್ಧಕ್ಕೆ ನಿಂತ ಮಾತು ಹೆಂಗಸರ ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಂತೀತು? ಮತ್ತೆ ಹರಿಯಿತು. ‘ನೋವು ಕೈಗೆ ಇಳಿಯುತ್ತಾ ಕೇಳಿ’ ಎಂದರು ಡಾಕ್ಟರು ಮೆಲ್ಲಗೆ. ‘ಕೈಗೆ ಇಳೀತೈತೇನ ಯಕ್ಕಾ?’ ಎಂದಳು ನೀಲವ್ವ. ‘ಎಡಗೈ ಜಡ ಆಗತೈತಿ ನೋಡ ನೀಲವ್ವಾ.’ ‘ಮಲಗಿದಾಗ ಬರುತ್ತಾ?’ ‘ಮಲಗಿದಾಗ ಬರತೈತೇನ?’ ‘ಇಲ್ಲವಾ, ಆಗ ಆರಾಮ.’ ಒಂದೇ ಮೇಜಿನ ಎರಡು ಕಡೆ ಕೂತವರ ನಡುವೆ ತುಬಚಿಯ ಹೆಂಗಸು ಹೀಗೆ ಮಾತು ದಾಟಿಸಿದಳು. ಡಾಕ್ಟರು ಬರೆದುಕೊಳ್ಳುತ್ತಲೇ ಇದ್ದರು, ಅವರ ನಗು ಯಾವಾಗಲೋ ಹೋಗಿತ್ತು.

ಆಗ ನೀಲವ್ವ, ಯಾರೂ ಹೇಳಿಕೊಡದಿದ್ದರೂ, ತನ್ನದೊಂದು ಪ್ರಶ್ನೆ ಹಾಕಿದಳು. ‘ಅಲ್ಲ ಯಕ್ಕಾ, ಇಷ್ಟೆಲ್ಲಾ ಆಗೂತನಾ ಮನ್ಯಾಗ ಯಾರಿಗೂ ಹೇಳಲಿಲ್ಲೇನ? ಸೊಸಿ ಕೇಳೂದಿಲ್ಲೇನ?’ ಅತ್ತೆ ಸೀರೆಯ ಅಂಚು ಬೆರಳಿಗೆ ಸುತ್ತುತ್ತ ಹೇಳಿದರು: ‘ಕೇಳತಾಳವಾ, ಪಾಪ, ದಿನಾ ಮುಂಜಾನೆ ಕೇಳತಾಳ. ಖರೆ, ಕೇಳೂಮುಂದ ಹೆಗಲಮ್ಯಾಲ ಚೀಲ, ಕಾಲಾಗ ಚಪ್ಪಲಿ, ಒಂದ ಕಾಲು ಹೊಸ್ತಲದಾಚಿ. ಹೊಂಟ ನಿಂತಾಕಿಗೆ ಏನಂತ ಹೇಳ್ಲಿ? ಅಂಥ ಹೊತ್ತಿನ್ಯಾಗ ಎದಿ ಹಿಂಡತೈತಿ ಅನ್ನಾಕ ಬರತೈತೇನ? ಆರಾಮ ಅಂದ್ರ ಆಕಿಗೆ ಬಸ್ ಸಿಗತೈತಿ.’

ನಾನು ಅವರ ಕುರ್ಚಿಯ ಹಿಂದೆಯೇ ನಿಂತಿದ್ದೆ. ಮಾತಿನಲ್ಲಿ ದೂರು ಇದ್ದಿದ್ದರೆ ನನ್ನ ಸಿಟ್ಟು ಸಹಾಯಕ್ಕೆ ಬರುತ್ತಿತ್ತು. ದೂರು ಇರಲಿಲ್ಲ. ಇಷ್ಟು ತಿಂಗಳು ನಾನು ಬೀಗರನ್ನು ಬೈದೆ, ನಮ್ಮವರನ್ನು ಬೈದೆ, ಇಡೀ ಸೀಮೆಯ ಬಾಯಿಗೆ ಅಂಟಿದ ಒಂದು ಶಬ್ದವನ್ನು ಬೈದೆ. ಒಂದೇ ಒಂದು ದಿನ ಅತ್ತೆಯ ಮಂಚದ ತುದಿಗೆ ಕೂತಿರಲಿಲ್ಲ. ನೀಲವ್ವ ತಲೆಯೆತ್ತಿ ನನ್ನನ್ನು ನೋಡಿ, ‘ಈಕೀನ ಏನ ಸೊಸಿ?’ ಎಂದಳು. ಹೌದೆಂದು ಹೇಳಲು ನನಗೆ ನಾಚಿಕೆಯಾಯಿತು, ಕಣ್ಣು ತುಂಬಿ ಬಂದವು. ಡಾಕ್ಟರು ನನ್ನ ಕೈಗೆ ನೀರಿನ ಬಾಟಲಿ ಕೊಟ್ಟರು. ಆಮೇಲೆ ವಿವರಿಸಿದರು: ಹೃದಯದ ರಕ್ತನಾಳ ಕಟ್ಟಿರಬಹುದು, ಇಂಥದ್ದರಲ್ಲಿ ಸುಮ್ಮನೆ ಮಲಗಿದಾಗ ತೆಗೆದ ಇಸಿಜಿ ಎಷ್ಟೋ ಸಲ ಸರಿಯಾಗಿಯೇ ಬರುತ್ತದೆ, ಗೊತ್ತಾಗುವುದು ರೋಗಿ ಬಾಯಿಬಿಟ್ಟಾಗ ಮಾತ್ರ. ಇನ್ನಷ್ಟು ತಡಮಾಡಿದ್ದರೆ ಕಷ್ಟವಿತ್ತು, ನಾಳೆಯೇ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೋಗಿ ಎಂದರು. ನೀಲವ್ವನ ಮೊಣಕಾಲನ್ನೂ ಅಲ್ಲೇ ನೋಡಿಕೊಟ್ಟರು, ಅವಳಿಗೆ ಹೊರಗೆ ಪಾಳಿ ಕಾಯುವುದು ತಪ್ಪಿತು.

ಬಾಗಲಕೋಟೆಯಲ್ಲಿ ನಾಳ ಕಟ್ಟಿದ್ದು ಖರೆ ಆಯಿತು, ಅದಕ್ಕೆ ಸ್ಟೆಂಟ್ ಹಾಕಿದರು. ಸುದ್ದಿ ಮುಧೋಳಕ್ಕೆ ಮುಟ್ಟಿ ಬೀಗರೆಲ್ಲ ಒಂದು ಗಾಡಿ ತುಂಬ ಬಂದರು, ಕಬ್ಬು ಕಡಿಯುವ ಹಂಗಾಮು ಬಿಟ್ಟು. ಕೈಯಲ್ಲಿ ಬಾಳೆಹಣ್ಣು, ಬಿಸ್ಕೀಟು, ಎಳನೀರು. ನಾದಿನಿ ಅತ್ತು ಕಣ್ಣು ಊದಿಸಿಕೊಂಡಿದ್ದಳು. ಮೂಗಿಗೆ ನಳಿಗೆ, ಕೈಗೆ ಸೂಜಿ ಹಾಕಿಸಿಕೊಂಡು ಮಲಗಿದ್ದ ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು, ‘ಎಲ್ಲಾ ಆರಾಮ್ರಿ ಬೀಗರ. ನೀವೆಲ್ಲ ಆರಾಮ?’ ಎಂದರು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಅವರು ಎಚ್ಚರಿದ್ದು ಹಾಗೆ ಹೇಳಿದ್ದೇ ಹಬ್ಬ ಅನ್ನಿಸಿತು.

ಮನೆಗೆ ಬಂದರು, ಗುಳಿಗೆ ನುಂಗುತ್ತಾರೆ, ಪಾವಟಿಗೆ ಹತ್ತುವಾಗ ಈಗ ನಡುವೆ ನಿಲ್ಲುವುದಿಲ್ಲ, ಪಕ್ಕದ ಮನೆಯವರಿಗೆ ನಮ್ಮ ಅತ್ತೆ ಮುನಿದಿದ್ದಾರೆ ಎಂಬ ಸಂಶಯ ಬಂದಿದೆ. ನಾನು ಮತ್ತೆ ಶಾಲೆಗೆ ಹೊರಡುವ ಮೊದಲ ದಿನ ಗಟ್ಟಿ ಮನಸ್ಸು ಮಾಡಿದೆ. ಲಗೂ ಎದ್ದು, ಕೆಲಸ ಮುಗಿಸಿ, ಚೀಲವನ್ನು ಒಳಗೇ ಬಿಟ್ಟು, ಬರಿಗಾಲಲ್ಲಿ ಹೋಗಿ ಅತ್ತೆಯ ಮಂಚದ ತುದಿಗೆ ಕೂತೆ. ಅವರ ಕೈ ನನ್ನ ಕೈಯಲ್ಲಿ ಇಟ್ಟುಕೊಂಡೆ. ಎಷ್ಟು ಮೆತ್ತಗೆ ಆಗುತ್ತದೋ ಅಷ್ಟು ಮೆತ್ತಗೆ, ‘ಅತ್ತೀ, ಹೆಂಗ ಅದೀರಿ?’ ಎಂದೆ.

ಅತ್ತೆ ಕೈ ಎಳೆದುಕೊಂಡರು. ಬಾಗಿಲ ಕಡೆ ನೋಡಿದರು, ಗೋಡೆಯ ಗಡಿಯಾರ ನೋಡಿದರು, ನನ್ನ ಬರಿಗಾಲು ನೋಡಿದರು. ‘ಯಾಕ ಕುಂತಿ?’ ಎಂದರು. ‘ಸುಮ್ನ ಕುಂತೇನ್ರಿ.’ ‘ಸುಮ್ನ ಕುಂಡ್ರಾಕಿ ಅಲ್ಲ ನೀ. ಬಾಗಲಕ್ವಾಟಿ ಡಾಕ್ಟರ ಫೋನ್ ಮಾಡಿದ್ರೇನು? ಏನಂದಾರ? ಮುಚ್ಚಿಡಬ್ಯಾಡ ಶಾಂತಾ, ಖರೆ ಹೇಳು. ಇನ್ನ ಎಷ್ಟ ದಿನ ಅಂದಾರ?’ ಆಣೆ ಪ್ರಮಾಣ ಮಾಡಿದೆ. ವಿಭೂತಿ ಮುಟ್ಟಿ ಹೇಳಿದೆ. ನಮ್ಮವರನ್ನು ಮಗ್ಗ ನಿಲ್ಲಿಸಿ ಕರೆದು ಹೇಳಿಸಿದೆ. ಮಗ್ಗ ನಿಂತದ್ದು ನೋಡಿ ಅವರಿಗೆ ಇನ್ನೂ ಗಾಬರಿಯಾಗಿ, ಮಗಳನ್ನು ಒಮ್ಮೆ ಕರೆಸ್ರಿ ಎಂದು ಶುರುಮಾಡಿದರು. ಬೇರೆ ದಾರಿ ಉಳಿಯಲಿಲ್ಲ. ಎದ್ದೆ. ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿಕೊಂಡು, ಒಂದು ಕಾಲು ಹೊಸ್ತಿಲಾಚೆ ಇಟ್ಟು, ಗದರಿಸುವ ಹಾಗೆಯೇ ‘ಏನ್ರಿ ಅತ್ತಿ, ಆರಾಮ?’ ಎಂದು ಕೇಳಿದೆ. ಹೋದ ಜೀವ ಬಂದ ಹಾಗೆ ಅತ್ತೆ ದಿಂಬಿಗೆ ಒರಗಿದರು. ‘ಹಾಂ, ಆರಾಮ ಅದೇನಿ. ಹೋಗ ಹೋಗ, ಬಸ್ ಬಂತು’ ಎಂದರು.